ಅಡಿಗೆಮನೆಯ ಹುಳಿ: ನಾಲಗೆಗೂ ಬೇಕು, ಮೈಗೂ ಬೇಕು



ಈ ಸಲದ ಪಾಠ ಹೊಲದ್ದಲ್ಲ, ಅಡಿಗೆಮನೆಯದು. ಬೀಜ, ಗೊಬ್ಬರ, ಬಿತ್ತನೆಯ ವಿಚಾರ ಬರೆಯುವವನು ಒಲೆಯ ಮುಂದೆ ಏಕೆ ಬಂದನೆಂದು ನೀವು ಕೇಳಬಹುದು. ಬೆಳೆದ ರಾಗಿ ಕಣಜ ಸೇರಿದ ಮಾತ್ರಕ್ಕೆ ಬೇಸಾಯ ಮುಗಿಯಲಿಲ್ಲ. ಅದು ತಟ್ಟೆಗೆ ಬಂದು, ಉಂಡವರ ಮೈಗೆ ಹಿಡಿದಾಗ ಮುಗಿಯಿತು. ನಾನು ಕೃಷಿ ಡಿಪ್ಲೊಮಾ ಓದುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. ಹಳ್ಳಿಗೆ ಬಂದ ಮೇಲೆ ಒಂದು ಮನೆಯಲ್ಲಿ ಕಣ್ಣಾರೆ ನೋಡಿ ತಿಳಿದುಕೊಂಡೆ.

ಕಳೆದ ವರ್ಷ ಆಷಾಢ ಕಳೆದು ಶ್ರಾವಣ ಹುಟ್ಟಿದ ಸಮಯ. ರಾಗಿ ಪೈರಿನ ವಿಚಾರ ಮಾತನಾಡಲು ತೆಂಗಿನ ಸೀಮೆಯ ಒಬ್ಬ ರೈತರ ಮನೆಗೆ ಹೋಗಿದ್ದೆ. ಊಟದ ಹೊತ್ತು. ಆರು ತಿಂಗಳ ಬಸುರಿ ಸೊಸೆ ಮುದ್ದೆಯನ್ನು ಮುರಿದು, ನೀರಾದ ಸಾರಿನಲ್ಲಿ ಹೊರಳಿಸಿ, ಎರಡು ತುತ್ತು ನುಂಗಿ ಕೈ ತೊಳೆದಳು. ಆಕೆಗೆ ರಕ್ತ ಕಡಿಮೆಯಿದೆಯೆಂದು ಆರೋಗ್ಯ ಸಹಾಯಕಿ ಹೇಳಿ ಮಾತ್ರೆ ಕೊಟ್ಟಿದ್ದರು. ಅತ್ತೆ ಕೆಟ್ಟವರಲ್ಲ. “ಬಾಯಿಗೆ ಏನೂ ರುಚಿಸೋದಿಲ್ಲ ಅಂತಾಳೆ ಸ್ವಾಮಿ. ದಿನಾ ಸಂತೆ ತರಕಾರಿ ತರೋಕೆ ನಮ್ಮ ಕೈಲಾಗ್ತದಾ?” ಎಂದು ಕಣ್ಣಿನಲ್ಲಿ ನೀರು ತಂದುಕೊಂಡರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ನಿಂಬೆಗಿಡದ ಬುಡದಲ್ಲಿ ಹಣ್ಣು ಬಿದ್ದು ಕೊಳೆಯುತ್ತಿತ್ತು. ಬೆಳಿಗ್ಗೆ ಪೂಜೆಗೆ ಒಡೆದ ತೆಂಗಿನಕಾಯಿಗಳ ನೀರನ್ನು ಬಚ್ಚಲಿಗೆ ಚೆಲ್ಲಿದ್ದರು. ಅಟ್ಟದ ಮೇಲೆ ಗೋಣಿಯಲ್ಲಿಟ್ಟ ಹುಣಸೆಹಣ್ಣು ಮಳೆಯ ತೇವ ಹೀರಿ ಬೂಷ್ಟು ಹಿಡಿದಿತ್ತು. ರುಚಿಯೆಲ್ಲಾ ಹಿತ್ತಲಲ್ಲೂ ಅಟ್ಟದಲ್ಲೂ ಹಾಳಾಗುತ್ತಿತ್ತು. ಒಳಗೆ ಬಸುರಿ ಹೆಂಗಸು ಅರೆಹೊಟ್ಟೆಯಲ್ಲಿದ್ದಳು.

ಈ ಪಾಠದಲ್ಲಿ ಹೇಳುವುದು ಮೂರೇ ಮಾತು. ಹುಳಿಯನ್ನು ಅದರ ಕಾಲದಲ್ಲಿ ಹಿಡಿದಿಡಬೇಕು. ಸರಿಯಾದ ಪಾತ್ರೆಯಲ್ಲಿಡಬೇಕು. ಸರಿಯಾದ ಹೊತ್ತಿನಲ್ಲಿ ಅಡಿಗೆಗೆ ಹಾಕಬೇಕು.

1. ಹುಳಿ ಮಾಡುವ ಕೆಲಸ

ಹುಳಿಯೆಂದರೆ ಬಾಯಿಚಪಲ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹುಳಿ ಮೂರು ಕೆಲಸ ಮಾಡುತ್ತದೆ.

ಮೊದಲನೆಯದು, ಬಾಯಲ್ಲಿ ನೀರೂರಿಸುತ್ತದೆ. ಒಣ ಮುದ್ದೆ, ಒಣ ರೊಟ್ಟಿ ಸರಾಗವಾಗಿ ಗಂಟಲಿಳಿಯುತ್ತದೆ. ಹುಳಿಯಿದ್ದರೆ ಉಪ್ಪು, ಖಾರ, ಎಣ್ಣೆ ಕಡಿಮೆಯಾದರೂ ಅಡಿಗೆ ಸಪ್ಪೆಯೆನಿಸುವುದಿಲ್ಲ.

ಎರಡನೆಯದು, ಪದಾರ್ಥ ಕೆಡದಂತೆ ಕಾಯುತ್ತದೆ. ಬಲವಾದ ಹುಳಿಯಲ್ಲಿ ಕೊಳೆಸುವ ಕ್ರಿಮಿಗಳು ಬೆಳೆಯಲಾರವು. ಹುಳಿಯ ಜೊತೆಗೆ ಉಪ್ಪೂ ಸೇರಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ನಿಲ್ಲುತ್ತದೆ.

ಮೂರನೆಯದು ಬಹಳ ಮುಖ್ಯ. ನಮ್ಮ ರಾಗಿಯಲ್ಲಿ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, 4ರಿಂದ 5 ಮಿಲಿಗ್ರಾಂ ಕಬ್ಬಿಣದ ಅಂಶ ಉಂಟು. ಸೊಪ್ಪಿನಲ್ಲಿಯೂ ಕಬ್ಬಿಣವಿದೆ. ಆದರೆ ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಉಂಡ ಕಬ್ಬಿಣದ ಬಹುಪಾಲು ಮೈಗೆ ಸೇರದೆ ಹೊರಗೆ ಹೋಗುತ್ತದೆ. ಅದೇ ಊಟದಲ್ಲಿ ನಿಂಬೆ, ನೆಲ್ಲಿ, ಸೀಬೆ ಇವುಗಳಲ್ಲಿರುವ ‘ಸಿ’ ಜೀವಸತ್ವ ಸೇರಿದರೆ ಆ ಕಟ್ಟು ಸಡಿಲಿ, ಕಬ್ಬಿಣ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೂ ಫೈಟೇಟ್ ಕಡಿಮೆಯಾಗುತ್ತದೆ.

2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತು. ಅಂದರೆ ನಿಮ್ಮ ಬೀದಿಯ ಎರಡು ಮನೆಗೆ ಒಂದು ಮನೆಯ ಸಂಗತಿ ಇದು. ಒಂದು ಹೋಳು ನಿಂಬೆಹಣ್ಣು ಇದನ್ನೆಲ್ಲಾ ಗುಣಪಡಿಸುತ್ತದೆಂದು ನಾನು ಹೇಳುವುದಿಲ್ಲ. ಆದರೆ ಉಂಡದ್ದು ವ್ಯರ್ಥವಾಗದಂತೆ ಅದು ನೋಡಿಕೊಳ್ಳುತ್ತದೆ.

2. ನಮ್ಮ ನಾಡಿನ ಹುಳಿಗಳು ಮತ್ತು ಅವುಗಳ ಕಾಲ

ಒಂದೊಂದು ಸೀಮೆಗೆ ಒಂದೊಂದು ಹುಳಿ. ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ, ತಮ್ಮ ಕಣ್ಣಮುಂದಿನ ಮರಗಿಡಗಳಿಂದಲೇ ವರ್ಷದ ಹುಳಿಯನ್ನು ತೆಗೆದಿಟ್ಟುಕೊಂಡರು.

ಹುಣಸೆ: ಬಯಲುಸೀಮೆಯ ಹುಳಿ ಇದು. ಮಾಘ, ಫಾಲ್ಗುಣದಲ್ಲಿ ಹಣ್ಣು ಬಡಿಯುತ್ತೇವೆ. ಹೆಚ್ಚು ಮನೆಗಳಲ್ಲಿ ತಪ್ಪು ನಡೆಯುವುದು ಇಲ್ಲಿಯೇ. ಹಣ್ಣನ್ನು ಬೀಜ, ನಾರು ತೆಗೆಯದೆ ಗೋಣಿಗೆ ತುಂಬುತ್ತಾರೆ. ಬೀಜದಲ್ಲಿ ಹುಳು ಬೀಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೊಸ ಹಣ್ಣನ್ನು ಕುಟ್ಟಿ, ಬೀಜ, ನಾರು ಬಿಡಿಸಿ, ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗಿಟ್ಟು, ಉಪ್ಪು ಬೆರೆಸಿ ಉಂಡೆ ಕಟ್ಟಿ, ಜಾಡಿಯಲ್ಲಿ ಒತ್ತಿ ತುಂಬಿ ಬಾಯಿ ಕಟ್ಟಬೇಕು. ಹಳೆಯದಾದಂತೆ ಬಣ್ಣ ಕಪ್ಪಾಗುತ್ತದೆ, ಹುಳಿ ಹೋಗುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ. ಹುಣಸೆಯಲ್ಲಿ ‘ಸಿ’ ಜೀವಸತ್ವ ಬಹಳ ಕಡಿಮೆ. ರುಚಿಗೆ ಹುಣಸೆ, ರಕ್ತಕ್ಕೆ ನಿಂಬೆ ಅಥವಾ ನೆಲ್ಲಿ ಎಂದಿಟ್ಟುಕೊಳ್ಳಿ.

ನಿಂಬೆ: ಮಳೆಗಾಲದಲ್ಲಿ ಹಣ್ಣು ಹೆಚ್ಚು, ಬೆಲೆ ಕಡಿಮೆ. ಬೇಸಗೆಯಲ್ಲಿ ಹಣ್ಣು ಕಡಿಮೆ, ಬೆಲೆ ಹೆಚ್ಚು. ಉದುರುವ ಮೊದಲೇ ಕಿತ್ತು, ಒರಸಿ, ಹೋಳುಮಾಡಿ, ನಾಲ್ಕು ಪಾಲು ಹಣ್ಣಿಗೆ ಒಂದು ಪಾಲು ಉಪ್ಪು ತೂಕ ಹಾಕಿ ಜಾಡಿಗೆ ತುಂಬಿದರೆ ಬೇಸಗೆಗೆ ಆದೀತು.

ನೆಲ್ಲಿ: ಕಾರ್ತಿಕದಿಂದ ಪುಷ್ಯದವರೆಗೆ ಸಿಗುತ್ತದೆ. ನಿಂಬೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವ ಇದರಲ್ಲಿದೆ. ಒಣಗಿಸಿ ನೆಲ್ಲಿಚಟ್ಟು ಮಾಡಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಒಣಗಿಸುವಾಗ ಸ್ವಲ್ಪ ಸತ್ವ ಹೋಗುತ್ತದೆ. ಆದುದರಿಂದ ಕಾಯಿ ಸಿಗುವ ಕಾಲದಲ್ಲಿ ಹಸಿಯಾಗಿಯೇ ಚಟ್ನಿ, ತಂಬುಳಿ ಮಾಡಿ ಉಣ್ಣುವುದು ಮೇಲು.

ಮುರುಗಲು: ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವರು. ಬೇಸಗೆಯ ಕೊನೆಯಲ್ಲಿ ಕೆಂಪು ಹಣ್ಣು. ಸಿಪ್ಪೆ ಬಿಡಿಸಿ, ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಿಟ್ಟರೆ ವರ್ಷವಿಡೀ ಸಾರಿಗಾಗುತ್ತದೆ. ಬೀಜದಿಂದ ತುಪ್ಪ ತೆಗೆಯುವರು.

ಕಾಚಂಪುಳಿ: ಕೊಡಗಿನವರ ಹುಳಿ. ಮಲೆನಾಡಿನಲ್ಲಿ ಉಪ್ಪಾಗೆ ಎನ್ನುವ ಮರದ ಹಣ್ಣಿನಿಂದ ಮಾಡುತ್ತಾರೆ. ಮಳೆಗಾಲದಲ್ಲಿ ಮಾಗಿದ ಹಣ್ಣನ್ನು ಕುಕ್ಕೆಯಲ್ಲಿ ರಾಶಿಹಾಕಿ, ಕೆಳಗೆ ಪಾತ್ರೆಯಿಟ್ಟರೆ, ಹಣ್ಣು ಕರಗಿದಂತೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಗೆ, ಮಂದವಾಗುವತನಕ ಕುದಿಸಿ ಇಳಿಸುತ್ತಾರೆ. ನೋಡಲು ಪೇಟೆಯ ವಿನೆಗರಿನಂತೆ ಕಂಡರೂ ಇದು ಹುದುಗಿಸಿದ್ದಲ್ಲ, ಬತ್ತಿಸಿದ್ದು. ಒಂದು ದೊಡ್ಡ ಪಾತ್ರೆಯ ಮಾಂಸದ ಸಾರಿಗೆ ಒಂದೆರಡು ಚಮಚ ಸಾಕು. ವರ್ಷಗಳು ಕಳೆದರೂ ಕೆಡದು.

ಕಡಲೆ ಹುಳಿ: ಇದು ಉತ್ತರದ ಎರೆಭೂಮಿಯವರ ಜಾಣತನ. ಕಡಲೆಗಿಡದ ಎಲೆಯ ಮೇಲಿನ ನವಿರು ರೋಮಗಳು ಹುಳಿಯನ್ನು ಸ್ರವಿಸುತ್ತವೆ. ಹಿಂಗಾರಿನಲ್ಲಿ ಕಡಲೆಹೊಲದಲ್ಲಿ ಓಡಾಡಿದವರಿಗೆ ಕಾಲು ಚುರುಗುಟ್ಟುವುದು ಇದರಿಂದಲೇ. ಮಂಜು ಬೀಳುವ ಕಾಲದಲ್ಲಿ ಬೆಳೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿಯೋ ಎಳೆದೋ, ಅದು ಇಬ್ಬನಿಯೊಡನೆ ಹುಳಿಯನ್ನು ಹೀರಿದ ಮೇಲೆ ಹಿಂಡಿ ತೆಗೆಯುವರು. ಆದರೆ ಒಂದು ಎಚ್ಚರ. ಕಾಯಿಕೊರಕಕ್ಕೆ ಔಷಧಿ ಹೊಡೆದ ಹೊಲದಿಂದ ಈ ಹುಳಿಯನ್ನು ಖಂಡಿತ ತೆಗೆಯಕೂಡದು. ಹಿಂಡುವ ಬಟ್ಟೆಗೆ ಹುಳಿಯ ಜೊತೆಗೆ ವಿಷವೂ ಬರುತ್ತದೆ. ಅಜ್ಜನ ಕಾಲದ ಹೊಲದಲ್ಲಿ ಈ ಭಯವಿರಲಿಲ್ಲ. ಈಗಿನ ಹೊಲದಲ್ಲಿ ಉಂಟು.

ಇವಲ್ಲದೆ ಪುಂಡಿಸೊಪ್ಪು, ಒಣಗಿಸಿದ ಮಾವಿನಕಾಯಿ ಹೋಳು, ದಿನದ ಮಜ್ಜಿಗೆ ಇವೂ ಹುಳಿಗಳೇ. ನಿಮ್ಮ ಸೀಮೆಯಲ್ಲಿ ಯಾವುದು ಸುಲಭವೋ ಅದನ್ನು ಹಿಡಿಯಿರಿ.

3. ಮನೆಯಲ್ಲಿ ವಿನೆಗರ್ ಮಾಡುವ ಬಗೆ

ವಿನೆಗರ್ ಎಂದರೆ ಸಿಹಿಯು ಹುಳಿತು ಆದ ನೀರು. ಸಿರ್ಕಾ ಎಂದೂ ಕರೆಯುತ್ತಾರೆ. ಅದು ಎರಡು ಹೆಜ್ಜೆಯಲ್ಲಿ ಆಗುತ್ತದೆ. ಮೊದಲ ಹೆಜ್ಜೆಯಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿ ಮಾಡುತ್ತದೆ. ಎರಡನೆಯ ಹೆಜ್ಜೆಯಲ್ಲಿ ಬೇರೆ ಸೂಕ್ಷ್ಮಜೀವಿಗಳು ಗಾಳಿಯ ಸಹಾಯದಿಂದ ಆ ಮದ್ಯಸಾರವನ್ನು ಹುಳಿಯಾಗಿ ಮಾಡುತ್ತವೆ. ಮೊದಲ ಹೆಜ್ಜೆಯಲ್ಲೇ ನಿಂತರೆ ಅದು ಹೆಂಡದ ಹಾದಿ. ಅಲ್ಲಿ ನಿಲ್ಲಬಾರದು, ಮನೆಗೂ ಕೇಡು, ಕಾಯಿದೆಗೂ ವಿರೋಧ.

ಮದುವೆ, ಜಾತ್ರೆ, ಹರಕೆಯ ದಿನ ಹತ್ತಾರು ತೆಂಗಿನಕಾಯಿ ಒಡೆಯುತ್ತಾರೆ. ಆ ನೀರಿನಿಂದ ಒಳ್ಳೆಯ ವಿನೆಗರ್ ಆಗುತ್ತದೆ. ಬಲಿತ ಕಾಯಿನೀರಿನಲ್ಲಿ ಸಕ್ಕರೆಯ ಅಂಶ ಕಡಿಮೆಯಾದುದರಿಂದ ಬೆಲ್ಲ ಸೇರಿಸಬೇಕು.

ಬೇಕಾದುದು: ಅಂದೇ ಒಡೆದ ಕಾಯಿನೀರು 2 ಲೀಟರ್, ಶುಭ್ರವಾದ ಬೆಲ್ಲ 200 ಗ್ರಾಂ, ಬ್ರೆಡ್ಡಿಗೆ ಹಾಕುವ ಯೀಸ್ಟ್ ಅರ್ಧ ಚಿಕ್ಕ ಚಮಚ, ಕಾಯಿಸದ, ಹುದುಗಿಸಿ ಮಾಡಿದ ಹಳೆಯ ವಿನೆಗರ್ ಅರ್ಧ ಲೀಟರ್. ಈ ಹಳೆಯದು ಮೊಸರಿಗೆ ಹೆಪ್ಪಿದ್ದಂತೆ.

ಮಾಡುವ ಕ್ರಮ: ಕಾಯಿನೀರಿಗೆ ಬೆಲ್ಲ ಹಾಕಿ, ಕುದಿಸಿ, ಬಟ್ಟೆಯಲ್ಲಿ ಸೋಸಿ. ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಯೀಸ್ಟ್ ಕದಡಿ, ಪಿಂಗಾಣಿ ಜಾಡಿಗೆ ಮುಕ್ಕಾಲು ಪಾಲು ತುಂಬಿ, ಬಾಯಿಗೆ ದಟ್ಟವಾದ ಬಟ್ಟೆ ಕಟ್ಟಿ. ಎರಡನೆಯ ದಿನದಿಂದ ನೊರೆ ಏಳುತ್ತದೆ. ಈ ಸಮಯದಲ್ಲಿ ಬಿರಡೆ ಬಿಗಿದರೆ ಒಳಗಿನ ಗಾಳಿ ಹೊರಗೆ ಹೋಗಲಾರದೆ ಪಾತ್ರೆ ಸಿಡಿಯುತ್ತದೆ, ಎಂದಿಗೂ ಬಿಗಿಯಬೇಡಿ. ಏಳರಿಂದ ಹತ್ತು ದಿನಕ್ಕೆ ನೊರೆ ನಿಲ್ಲುತ್ತದೆ, ಸಿಹಿ ಹೋಗುತ್ತದೆ. ಆಗ ತಿಳಿಯನ್ನು ಬಗ್ಗಿಸಿ, ಗಸಿ ಬಿಟ್ಟು, ಅಗಲ ಬಾಯಿಯ ಜಾಡಿಗೆ ಹಾಕಿ, ಹಳೆಯ ವಿನೆಗರನ್ನು ಸೇರಿಸಿ. ಮತ್ತೆ ಬಟ್ಟೆಯನ್ನೇ ಕಟ್ಟಿ, ಕತ್ತಲಾದ ಬೆಚ್ಚನೆಯ ಮೂಲೆಯಲ್ಲಿಡಿ. ಗಾಳಿ ಆಡಬೇಕು, ನೊಣ ಹೋಗಬಾರದು.

ನಾಲ್ಕರಿಂದ ಎಂಟು ವಾರಗಳಲ್ಲಿ ಹುಳಿಯಾಗುತ್ತದೆ. ಮೇಲೆ ತೆಳುವಾದ, ಬಿಳಿಯ, ಜಾರುವಂಥ ಪೊರೆ ಕಟ್ಟಿದರೆ ಹೆದರಬೇಕಾಗಿಲ್ಲ. ಅದು ಹುಳಿಮಾಡುವ ಜೀವಿಗಳದೇ ಪೊರೆ. ಮುಂದಿನ ಸಲಕ್ಕೆ ಹೆಪ್ಪಾಗುತ್ತದೆ. ಆದರೆ ಹಸಿರು, ಕಪ್ಪು, ಕೆಂಪು ಬಣ್ಣದ, ಹತ್ತಿಯಂಥ ಬೂಷ್ಟು ಕಂಡರೆ ಇಡೀ ಜಾಡಿಯನ್ನು ಗೊಬ್ಬರದ ಗುಂಡಿಗೆ ಸುರಿಯಿರಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸುವ ಆಸೆ ಬೇಡ.

ಆದ ವಿನೆಗರನ್ನು ಸೋಸಿ, ಅರ್ಧ ಲೀಟರಿನಷ್ಟು ಹೆಪ್ಪಿಗೆ ಎತ್ತಿಟ್ಟು, ಉಳಿದುದನ್ನು ಗಾಜಿನ ಶೀಸೆಗೆ ತುಂಬಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ಕೈಯಿಂದ ಮುಟ್ಟಲಾರದಷ್ಟು ಬಿಸಿಯಾಗಲಿ, ಕುದಿಯದಿರಲಿ. ಅನಂತರ ಬಿರಡೆ ಬಿಗಿಯಬಹುದು.

ಇಲ್ಲೊಂದು ಎಚ್ಚರಿಕೆ. ಮನೆಯ ವಿನೆಗರಿನ ಹುಳಿ ಎಷ್ಟು ಬಲವೆಂದು ನಾಲಗೆಯಿಂದ ಅಳೆಯಲು ಬಾರದು. ಅಂಗಡಿಯಲ್ಲಿ ಮಾರುವುದಕ್ಕೆ ಕನಿಷ್ಠ ನೂರಕ್ಕೆ 3.75 ಭಾಗ ಅಸಿಟಿಕ್ ಆಮ್ಲವಿರಬೇಕೆಂದು ನಿಯಮವುಂಟು. ನಮ್ಮದು ಅಷ್ಟಾಗಿದೆಯೋ ಇಲ್ಲವೋ! ಆದುದರಿಂದ ಮನೆಯ ವಿನೆಗರನ್ನು ಆ ದಿನದ ಗೊಜ್ಜು, ಕೋಸಂಬರಿಗೆ ಬಳಸಿ. ವರ್ಷವಿಡುವ ಉಪ್ಪಿನಕಾಯಿಗೆ ಇದೊಂದನ್ನೇ ನಂಬಬೇಡಿ. ಅಂಗಡಿಯದನ್ನು ಕೊಳ್ಳುವಾಗ ಚೀಟಿ ಓದಿ. ‘ಸಿಂಥೆಟಿಕ್’ ಎಂದಿದ್ದರೆ ಅದು ಹುದುಗಿಸಿದ್ದಲ್ಲ, ಆಮ್ಲಕ್ಕೆ ನೀರು ಬೆರೆಸಿದ್ದು, ಹೆಪ್ಪಿಗೆ ಬಾರದು. ರಬ್ಬರು ಹಾಲು ಹೆಪ್ಪುಗಟ್ಟಿಸಲು, ಬಣ್ಣದ ಕೆಲಸಕ್ಕೆ ಮಾರುವ ಆಮ್ಲವನ್ನಂತೂ ಅಡಿಗೆಮನೆಯ ಹೊಸಿಲು ದಾಟಿಸಬೇಡಿ.

4. ಪಾತ್ರೆಯ ವಿಚಾರ: ನಾನು ಮಾಡಿದ ತಪ್ಪು

ಮೊದಲ ಸಲ ನಾನು ವಿನೆಗರ್ ಮಾಡಿ ತೋರಿಸಹೊರಟಾಗ ಪಾಠವೆಲ್ಲಾ ಬಾಯಲ್ಲಿತ್ತು, ಜಾಡಿ ಮಾತ್ರ ಕೈಯಲ್ಲಿರಲಿಲ್ಲ. ದೇವಸ್ಥಾನದ ಹರಕೆಯ ದಿನ ಹೆಂಗಸರೆಲ್ಲಾ ಸೇರಿ ಕಾಯಿನೀರು ಕೂಡಿಸಿದ್ದರು. ತಡವಾದರೆ ಕೆಟ್ಟೀತೆಂದು, ಒಬ್ಬರ ಮನೆಯ ದೊಡ್ಡ ಹಿತ್ತಾಳೆ ಕೊಳಗಕ್ಕೆ ತುಂಬಿಸಿದೆ. ಒಳಗಿನ ಕಲಾಯಿ ಸವೆದಿದ್ದುದನ್ನು ನೋಡಲಿಲ್ಲ. ಹತ್ತು ದಿನ ಬಿಟ್ಟು ಬಟ್ಟೆ ಬಿಚ್ಚಿದಾಗ ಕೊಳಗದ ಕಂಠದ ಸುತ್ತ ಹಸಿರು ಗೆರೆ ಕಟ್ಟಿತ್ತು. “ಸೋಸಿದರೆ ಸರಿಹೋಗುತ್ತದೆ” ಎಂದೆ.

ಅಲ್ಲಿದ್ದ ಒಬ್ಬ ಅಜ್ಜಿ ಕೊಳಗಕ್ಕೆ ಕೈ ಅಡ್ಡ ಹಿಡಿದರು. “ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕೋದು ಯಾತಕ್ಕೆ ಕಣಪ್ಪ? ಕಿಲುಬು ಬಿಡಲಿ ಅಂತ. ಚೊಂಬು ತೊಳೆದ ನೀರು ಬಚ್ಚಲಿಗೆ ಹೋಗ್ತದೆ. ಇಲ್ಲಿ ಬಿಟ್ಟ ಕಿಲುಬು ಎಲ್ಲಿಗೆ ಹೋಯ್ತು? ಇದರೊಳಕ್ಕೇ ಅಲ್ವಾ?”

ನನಗೆ ಉತ್ತರ ತೋಚಲಿಲ್ಲ. ಹುಳಿಯು ತಾಮ್ರವನ್ನು ಕರಗಿಸುತ್ತದೆ, ತಾಮ್ರದ ಕಿಲುಬು ವಿಷ, ವಾಂತಿಭೇದಿ ತರುತ್ತದೆ ಎಂದು ನಾನೇ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಅಜ್ಜಿಗೆ ಅದು ಕೈಯಲ್ಲಿತ್ತು. ಎಲ್ಲರೆದುರಿಗೆ ಅಷ್ಟನ್ನೂ ನೆಲಕ್ಕೆ ಚೆಲ್ಲಿಸಿದೆ. ಹೆಂಗಸರ ಶ್ರಮ ಹಾಳಾಯಿತಲ್ಲಾ ಎಂದು ಬಹಳ ನಾಚಿಕೆಯಾಯಿತು. ಮುಂದಿನ ಸಲ ಜಾಡಿಯನ್ನು ತಂದವರು ಆ ಅಜ್ಜಿಯೇ.

ಆದುದರಿಂದ ಈ ನಿಯಮಗಳನ್ನು ಗೋಡೆಯ ಮೇಲೆ ಬರೆದುಕೊಳ್ಳಿ.

(ಅ) ಹುಳಿಯನ್ನು ಕೂಡಿಡಲು ಗಾಜು ಅಥವಾ ಪಿಂಗಾಣಿಯೇ ಸರಿ.

(ಆ) ತಾಮ್ರ, ಹಿತ್ತಾಳೆಗೆ ಕಲಾಯಿ ಇಲ್ಲದೆ ಹುಳಿ ಸೋಕಿಸಬಾರದು. ಕಲಾಯಿಗೆ ಸೀಸ ಬೆರೆಸದ ಶುದ್ಧ ತವರವಾಗಬೇಕು. ಕಲಾಯಿಯಿದ್ದರೂ ಹುಳಿಯನ್ನು ಅದರಲ್ಲಿ ಉಳಿಸಿಡಬಾರದು.

(ಇ) ಅಲ್ಯೂಮಿನಿಯಂ ಪಾತ್ರೆಯಲ್ಲಿ ಗೊಜ್ಜು, ಸಾರು ರಾತ್ರಿಯಿಡಬೇಡಿ. ಸ್ಟೀಲು ಪಾತ್ರೆಯಲ್ಲಿ ಬೇಯಿಸಿ ಬಡಿಸಲು ಅಡ್ಡಿಯಿಲ್ಲ.

(ಈ) ಕಲ್ಲಿನ ಪಾತ್ರೆ ಹುಳಿಯಡಿಗೆಗೆ ಉತ್ತಮ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಬಣ್ಣ ಕಪ್ಪಾಗುತ್ತದೆ, ಸ್ವಲ್ಪ ಕಬ್ಬಿಣವೂ ಸೇರುತ್ತದೆ, ಹಾನಿಯಿಲ್ಲ. ಬೆಂದ ಕೂಡಲೆ ಬೇರೆ ಪಾತ್ರೆಗೆ ಬಗ್ಗಿಸಿ.

(ಉ) ಕೀಟನಾಶಕ, ಬಣ್ಣ, ಎಂಜಿನ್ ಎಣ್ಣೆ ಬಂದಿದ್ದ ಡಬ್ಬಗಳನ್ನು ಎಷ್ಟು ತೊಳೆದರೂ ತಿನ್ನುವ ಪದಾರ್ಥಕ್ಕೆ ಬಳಸಬೇಡಿ.

(ಊ) ಜಾಡಿ, ಚಮಚ ಒಣಗಿರಲಿ. ಒದ್ದೆ ಕೈ ಹೋದ ಜಾಡಿ ಬೂಷ್ಟು ಹಿಡಿಯದೆ ಇರದು.

5. ನಾಲ್ಕು ಸುಲಭ ವ್ಯಂಜನಗಳು

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹೊತ್ತು ಹಿಡಿಯದು. ಐದು ಜನರ ಮನೆಗೆ ಅಳತೆ ಕೊಟ್ಟಿದ್ದೇನೆ.

ಹಸಿ ಹುಣಸೆ ಗೊಜ್ಜು: ನಿಂಬೆಗಾತ್ರದ ಹುಣಸೆಹಣ್ಣನ್ನು ಎರಡು ಲೋಟ ನೀರಿನಲ್ಲಿ ನೆನೆಸಿ ಕಿವುಚಿ. ನಾಲ್ಕು ಒಣಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಉಪ್ಪಿನೊಡನೆ ಅದರಲ್ಲಿ ಹಿಸುಕಿ. ಅಡಿಕೆಗಾತ್ರ ಬೆಲ್ಲ, ಹೆಚ್ಚಿದ ಎರಡು ಈರುಳ್ಳಿ ಸೇರಿಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಒಲೆಯ ಮೇಲೆ ಕುದಿಸುವ ಕೆಲಸವಿಲ್ಲ. ಮುದ್ದೆಗೂ ಅನ್ನಕ್ಕೂ ಆಗುತ್ತದೆ.

ಸುಟ್ಟ ಬದನೆಕಾಯಿ ಗೊಜ್ಜು: ದೊಡ್ಡ ಬದನೆಕಾಯಿ ಎರಡನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಹಿಸುಕಿ. ಸುಟ್ಟ ಹಸಿಮೆಣಸಿನಕಾಯಿ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿಸೊಪ್ಪು ಬೆರೆಸಿ, ಎರಡು ಚಮಚ ವಿನೆಗರ್ ಅಥವಾ ಸ್ವಲ್ಪ ಹುಣಸೆರಸ ಹಾಕಿ. ಹೊಗೆಯ ಕಂಪಿಗೂ ಹುಳಿಗೂ ಚೆನ್ನಾಗಿ ಹೊಂದುತ್ತದೆ.

ವಿನೆಗರಿನ ಈರುಳ್ಳಿ: ಈರುಳ್ಳಿಯನ್ನು ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು, ಮೂರು ಚಮಚ ವಿನೆಗರ್, ಚಿಟಿಕೆ ಬೆಲ್ಲ, ಸೀಳಿದ ಹಸಿಮೆಣಸಿನಕಾಯಿ ಸೇರಿಸಿ. ಅರ್ಧ ಗಂಟೆಯಲ್ಲಿ ಖಾರ ಇಳಿದು ಕೆಂಪಗಾಗುತ್ತದೆ. ರೊಟ್ಟಿಗೆ ಬಹಳ ರುಚಿ. ಅಂದಿಗೆ ಅಂದೇ ಮುಗಿಸಿ.

ನಿಂಬೆ ಹಿಂಡಿದ ಮಸ್ಸೊಪ್ಪು: ನುಗ್ಗೆ, ದಂಟು, ಹೊಲದ ಬೆರಕೆ ಸೊಪ್ಪು ಯಾವುದಾದರೂ ಸರಿ. ಒಂದು ಹಿಡಿ ತೊಗರಿಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಬೇಯಿಸಿ ಮಸೆದು, ಉಪ್ಪು ಹಾಕಿ ಒಗ್ಗರಣೆ ಕೊಡಿ. ಪಾತ್ರೆಯನ್ನು ಒಲೆಯಿಂದ ಇಳಿಸಿ, ತಟ್ಟೆಗೆ ಬಡಿಸಿದ ಮೇಲೆ ಒಬ್ಬೊಬ್ಬರಿಗೆ ಅರ್ಧ ಹೋಳು ನಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ ಹುಳಿ ಉಳಿದೀತು, ‘ಸಿ’ ಜೀವಸತ್ವ ಬೆಂಕಿಗೆ ಹೋಗುತ್ತದೆ. ನಾನು ಮೊದಲು ಹೇಳಿದ ‘ಸರಿಯಾದ ಹೊತ್ತು’ ಎಂದರೆ ಇದೇ.

ಊಟದ ಜೊತೆಗೆ, ಊಟವಾದ ಕೂಡಲೆ ಟೀ ಕುಡಿಯುವ ಅಭ್ಯಾಸ ಬಿಡಿ. ಟೀಯ ಒಗರು ಕಬ್ಬಿಣವನ್ನು ಮತ್ತೆ ಕಟ್ಟಿಹಾಕುತ್ತದೆ. ಒಂದು ಗಂಟೆಯಾದರೂ ಕಳೆಯಲಿ. ಹೊಟ್ಟೆಹುಣ್ಣು, ಎದೆಯುರಿ ಇರುವವರು ಹುಳಿಯನ್ನು ಮಿತಿಯಲ್ಲಿ ಬಳಸಬೇಕು. ಬಸುರಿಯರಿಗೆ ಮನೆಯಲ್ಲಿ ಹುದುಗಿಸಿದ ವಿನೆಗರ್ ಬೇಡ. ನಿಂಬೆ, ನೆಲ್ಲಿ, ಹುಣಸೆ ಸಾಕು. ಯಾವ ಹುಳಿಯೂ ಆರೋಗ್ಯ ಸಹಾಯಕಿಯವರು ಕೊಟ್ಟ ಕಬ್ಬಿಣದ ಮಾತ್ರೆಯ ಬದಲಿಗೆ ಆಗುವುದಿಲ್ಲ. ಮಾತ್ರೆ ಬಿಡಬಾರದು.

6. ಮತ್ತೆ ಆ ಮನೆಗೆ

ಅಂದು ನಾನು ಹಿತ್ತಲಿನಿಂದ ನಾಲ್ಕು ಒಳ್ಳೆಯ ನಿಂಬೆಹಣ್ಣು ಆರಿಸಿ ತಂದು ಅತ್ತೆಯ ಮುಂದೆ ಇಟ್ಟೆ. ಅವರಿಗೆ ನಗು ಬಂತು. “ಇದೇನು ಸ್ವಾಮಿ, ನಮ್ಮ ಹಣ್ಣನ್ನ ನಮಗೇ ತಂದುಕೊಡ್ತೀರಿ?” ಎಂದರು. ಹೌದು, ನಾನು ಮಾಡಿದ್ದು ಅಷ್ಟೇ. ಮರುದಿನದಿಂದ ಹೊಲದ ಬದುವಿನ ಸೊಪ್ಪಿನ ಮಸ್ಸೊಪ್ಪು, ಅದಕ್ಕೆ ನಿಂಬೆ. ಒಂದು ದಿನ ಬಿಟ್ಟು ಒಂದು ದಿನ ಸುಟ್ಟ ಮೆಣಸಿನಕಾಯಿಯ ಗೊಜ್ಜು.

ತಿಂಗಳ ನಂತರ ಅದೇ ದಾರಿಯಲ್ಲಿ ಹೋಗುವಾಗ ವಿಚಾರಿಸಿದೆ. ಸೊಸೆ ಈಗ ಮುದ್ದೆಯನ್ನು ಪೂರ್ತಿ ಉಣ್ಣುತ್ತಾಳೆ, ಕೆಲವು ದಿನ ಇನ್ನರ್ಧ ಕೇಳುತ್ತಾಳೆ ಎಂದರು. ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಳು. ಹುಟ್ಟಿದ್ದು ಹೆಣ್ಣುಮಗು. ಅದೆಲ್ಲಾ ಹುಳಿಯ ಮಹಿಮೆಯೆಂದು ಹೇಳಲಾರೆ. ಮಾತ್ರೆ, ಆರೈಕೆ, ಅತ್ತೆಯ ಮಮತೆ ಎಲ್ಲಾ ಸೇರಿವೆ. ಆದರೆ ತಟ್ಟೆಯಲ್ಲಿ ಬಿಟ್ಟ ಮುದ್ದೆಯಿಂದ ಯಾರ ಮೈಗೂ ಬಲ ಬಾರದು. ಮುದ್ದೆ ಒಳಗೆ ಹೋಗುವಂತೆ ಮಾಡಿದ್ದು ರುಚಿ. ಆ ರುಚಿಗೆ ಆ ಮನೆಯವರು ಒಂದು ಕಾಸೂ ಖರ್ಚುಮಾಡಲಿಲ್ಲ.

ಈ ತಿಂಗಳ ಅಭ್ಯಾಸ

ಮಹಿಳಾ ಸಂಘದಲ್ಲಿ ಇದನ್ನು ಗಟ್ಟಿಯಾಗಿ ಓದಿ, ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಿರಿ.

1. ನಿಮ್ಮ ಊರಿನಲ್ಲಿ ಯಾವ ಯಾವ ಹುಳಿಹಣ್ಣು, ಹುಳಿಸೊಪ್ಪು ಇವೆ? ಯಾವ ತಿಂಗಳಲ್ಲಿ ಹಾಳಾಗಿ ಹೋಗುತ್ತವೆ?

2. ನಿಮ್ಮ ಮನೆಯ ಹುಣಸೆಹಣ್ಣು ಈಗ ಯಾವ ಪಾತ್ರೆಯಲ್ಲಿದೆ? ಇಂದೇ ತೆಗೆದು ನೋಡಿ.

3. ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ ಏಕೆ ಹಿಂಡಬೇಕು?

4. ಹಿತ್ತಾಳೆ ಪಾತ್ರೆಯಲ್ಲಿ ಹುಳಿಯಿಟ್ಟರೆ ಏನಾಗುತ್ತದೆ? ಅಜ್ಜಿಯ ಮಾತಿನಲ್ಲಿಯೇ ಮಕ್ಕಳಿಗೆ ವಿವರಿಸಿ.

5. ನಿಮ್ಮ ಬೀದಿಯಲ್ಲಿ ಬಸುರಿಯರು, ಬಾಣಂತಿಯರು ಯಾರಿದ್ದಾರೆ? ಅವರ ತಟ್ಟೆಯಲ್ಲಿ ಊಟ ಉಳಿಯುತ್ತಿದೆಯೆ?

ಹಿತ್ತಲಲ್ಲಿ ಜಾಗವಿದ್ದು ನಿಂಬೆಗಿಡವಿಲ್ಲದವರು, ಬರುವ ಮಳೆಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಗೊಬ್ಬರ ತುಂಬಿಡಿ. ಪಾತ್ರೆ ತೊಳೆದ ನೀರು ಅತ್ತ ಹರಿದರೆ ಬೇರೆ ನೀರಾವರಿ ಬೇಡ. ಬುಡದಲ್ಲಿ ನಿಲ್ಲದಂತೆ ಮಾತ್ರ ನೋಡಿಕೊಳ್ಳಿ. ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಹುಳಿಯ ಪದ್ಧತಿ ಯಾವುದಾದರೂ ಇದ್ದರೆ ನಾನು ನಿಮ್ಮೂರಿಗೆ ಬಂದಾಗ ತಿಳಿಸಿ. ಈ ಸಲ ಜಾಡಿಯನ್ನು ನಾನೇ ತರುತ್ತೇನೆ.